ಇಳಿದವರು ಮತ್ತೆ ಏರಬಲ್ಲರೆ?

ಶಿಖರವನ್ನು ಮುಟ್ಟುವುದು ಒಂದು ಸಾಧನೆ. ಮುಟ್ಟಿದ ಶಿಖರದಲ್ಲಿ ನಿಲ್ಲುವುದು ಇನ್ನೊಂದು. ಅಲ್ಲಿಂದ ಇಳಿದ ಬಳಿಕ ಮತ್ತೆ ಅದೇ ಶಿಖರವನ್ನು ಏರುವುದು ಇವೆರಡಕ್ಕಿಂತ ಭಿನ್ನವಾದ, ಬಹುಶಃ ಇವೆರಡಕ್ಕಿಂತ ಕಠಿಣವಾದ ಮೂರನೆಯ ಸಾಧನೆ. ಮೊದಲ ಸಲ ಏರುವ ತರುಣನಿಗೆ ದಾರಿಯ ಕಷ್ಟ ತಿಳಿಯದು. ತಿಳಿಯದುದರಿಂದಲೇ ಆತನ ಹೆಜ್ಜೆಗೆ ಧೈರ್ಯವುಂಟು. ಎರಡನೆಯ ಸಲ ಏರಹೊರಟವನಿಗೆ ದಾರಿಯ ಪ್ರತಿಯೊಂದು ಕಲ್ಲೂ ಪರಿಚಿತ. ಆದರೆ ಕಾಲು ಹಿಂದಿನ ಕಾಲಲ್ಲ, ಉಸಿರು ಹಿಂದಿನ ಉಸಿರಲ್ಲ, ನೋಡುವ ಜನರ ಕಣ್ಣೂ ಹಿಂದಿನ ಕಣ್ಣಲ್ಲ. ಹೀಗಿರುವಾಗ ಇಳಿದವರು ಮತ್ತೆ ಏರಬಲ್ಲರೆ ಎಂಬ ಪ್ರಶ್ನೆಯನ್ನು, ಟೆನಿಸ್ ಆಟದ ಕೆಲವು ಮಹಾನ್ ಆಟಗಾರರ ಜೀವನವನ್ನು ಮುಂದಿಟ್ಟುಕೊಂಡು ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ.

ವ್ಯಾಕರಣ ಪಾಠ ಹೇಳುತ್ತ ಬಂದ ನಮಗೂ ಟೆನಿಸ್ ಆಟಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಾವು ಮಠದ ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳಾಗಿದ್ದಾಗ, ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದ ಪತ್ರಿಕೆಯನ್ನು ವಾಚನಾಲಯದಲ್ಲಿ ಹತ್ತು ಜನ ಹಂಚಿಕೊಂಡು ಓದುವುದು ವಾಡಿಕೆಯಾಗಿತ್ತು. ನಮ್ಮ ಪಾಲಿಗೆ ಆಗಾಗ ಬರುತ್ತಿದ್ದುದು ಕ್ರೀಡಾಪುಟ. 1980ರ ಜುಲೈ ತಿಂಗಳಿನಲ್ಲಿ ವಿಂಬಲ್ಡನ್ನಿನ ಅಂತಿಮ ಪಂದ್ಯದ ವರದಿಯನ್ನು ಓದಿದ್ದು ಇಂದಿಗೂ ನೆನಪಿದೆ. ಸ್ವೀಡನ್ ದೇಶದ ಬ್ಯೋರ್ನ್ ಬೋರ್ಗ್, ಅಮೆರಿಕದ ಜಾನ್ ಮೆಕೆನ್ರೊ ಅವರೆದುರು ನಾಲ್ಕನೆಯ ಸೆಟ್ಟಿನ ಟೈಬ್ರೇಕನ್ನು 16-18ರಿಂದ ಕಳೆದುಕೊಂಡರೂ ಎದೆಗುಂದದೆ ಐದನೆಯ ಸೆಟ್ಟನ್ನು 8-6ರಿಂದ ಗೆದ್ದಿದ್ದರು. ಟೈಬ್ರೇಕ್ ಎಂದರೇನೆಂಬುದು ಕೂಡ ಆಗ ನಮಗೆ ತಿಳಿಯದು. ಕೈಗೆ ಬಂದುದು ಜಾರಿಹೋದ ಮೇಲೂ ಮನಸ್ಸು ಜಾರದ ಮನುಷ್ಯನೊಬ್ಬನಿದ್ದಾನೆ ಎಂಬುದು ಮಾತ್ರ ತಿಳಿದಿತ್ತು. ಅಂದು ಹತ್ತಿದ ಆಸಕ್ತಿ ಈಗ ಮೊಮ್ಮಗನ ಜೊತೆಯಲ್ಲಿ ದೂರದರ್ಶನದ ಮುಂದೆ ಕುಳಿತು ಪೋಷಣೆಗೊಳ್ಳುತ್ತಿದೆ.

ಈ ಪ್ರಶ್ನೆ ನಮ್ಮ ಮನೆಗೂ ಬಂದಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಶ್ರಾವಣ ಮಾಸದಲ್ಲಿ ಊರೂರಿಗೆ ಹೋಗಿ ತಿಂಗಳುಗಟ್ಟಲೆ ಪುರಾಣ ಪ್ರವಚನ ಮಾಡಿದವರು ನಾವು. ಎರಡು ವರ್ಷಗಳ ಹಿಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಪ್ರಾಣಕ್ಕೇನೂ ಅಪಾಯವಾಗಲಿಲ್ಲ, ಆದರೆ ಧ್ವನಿ ಮೊದಲಿನ ಧ್ವನಿಯಾಗಿ ಉಳಿಯಲಿಲ್ಲ. ಅರ್ಧ ಗಂಟೆ ಮಾತನಾಡಿದರೆ ಸ್ವರ ಒಡೆಯುತ್ತದೆ. ಈ ವರ್ಷ ನಾವು ಹಿಂದೆ ಹಲವು ಸಲ ಹೋಗಿದ್ದ ಒಂದು ಊರಿನ ಹಿರಿಯರು ಮನೆಗೆ ಬಂದು, “ಈ ಶ್ರಾವಣಕ್ಕ ನೀವೇ ಬರಬೇಕ್ರಿ, ನಿಮ್ಮ ಪ್ರವಚನ ಕೇಳದ ಎರಡು ವರ್ಷಾತು” ಎಂದು ಫಲತಾಂಬೂಲ ಇಟ್ಟರು. ಅವರು ಹೋದ ಬಳಿಕ ನಮ್ಮ ಮನೆಯವರು, “ಈ ಗಂಟಲ ಕಟಗೊಂಡು ಒಂದು ತಿಂಗಳು ಹ್ಯಾಂಗ ಮಾತಾಡ್ತೀರಿ?” ಎಂದರು. ಮೊಮ್ಮಗ ಮಾತ್ರ, “ಅಜ್ಜಾ, ಅಗಾಸಿ ಹೊಳ್ಳಿ ಬರಲಿಲ್ಲೇನು?” ಎಂದ. ಇಬ್ಬರ ಮಾತಿನಲ್ಲಿಯೂ ಪ್ರೀತಿಯಿತ್ತು. ಯಾರ ಮಾತಿನಲ್ಲಿ ಸತ್ಯವಿತ್ತೆಂಬುದನ್ನು ವಿಚಾರಿಸಿ ನೋಡದೆ ಉತ್ತರ ಕೊಡಲು ನಮಗೆ ಮನಸ್ಸಾಗಲಿಲ್ಲ.

ಮೊದಲು ಆ ಆಟದ ನಿಯಮವೊಂದನ್ನು ತಿಳಿಯಬೇಕು. ಟೆನಿಸ್ ಕ್ರಮಾಂಕವು ಜೀವಮಾನದ ಗಳಿಕೆಯ ಲೆಕ್ಕವಲ್ಲ. ಕಳೆದ 52 ವಾರಗಳ ಲೆಕ್ಕ. ಗ್ರ್ಯಾಂಡ್ ಸ್ಲಾಮ್ ಎಂದು ಕರೆಯುವ ನಾಲ್ಕು ಮಹಾಪಂದ್ಯಾವಳಿಗಳಲ್ಲಿ ಒಂದನ್ನು ಗೆದ್ದವರಿಗೆ ಇಂದು 2000 ಅಂಕಗಳು ದೊರೆಯುತ್ತವೆ. ಮರುವರ್ಷ ಅದೇ ಪಂದ್ಯಾವಳಿಯಲ್ಲಿ ಮತ್ತೆ ಗಳಿಸದಿದ್ದರೆ ಆ ಅಂಕಗಳು ಅಳಿಸಿಹೋಗುತ್ತವೆ. ಹಿಂದಿನ ಕೀರ್ತಿಯನ್ನು ಕಣಜದಲ್ಲಿ ತುಂಬಿಟ್ಟು ಮುಂದಿನ ಬರಗಾಲದಲ್ಲಿ ಉಣ್ಣಲು ಇಲ್ಲಿ ಅವಕಾಶವಿಲ್ಲ. ಕ್ರಮಾಂಕ ಕುಸಿದವನು ಪಂದ್ಯಾವಳಿಯ ಆರಂಭದಲ್ಲಿಯೇ ಬಲಿಷ್ಠರನ್ನು ಎದುರಿಸಬೇಕಾಗುತ್ತದೆ. ಇನ್ನೂ ಕುಸಿದರೆ ದೊಡ್ಡ ಪಂದ್ಯಾವಳಿಗಳಿಗೆ ನೇರ ಪ್ರವೇಶವೇ ದೊರೆಯದು. ಇನ್ನು ದೇಹದ ಮಾತು. ಅಂಕಣದ ಉದ್ದ 78 ಅಡಿ. ಗಂಟೆಗೆ 200 ಕಿಲೋಮೀಟರ್ ವೇಗದ ಸರ್ವ್ ಆ ತುದಿಯಿಂದ ಈ ತುದಿಗೆ ಬರಲು ಹಿಡಿಯುವ ಕಾಲ ಅರ್ಧ ಸೆಕೆಂಡಿನ ಆಸುಪಾಸು. ಅಷ್ಟರೊಳಗೆ ಕಣ್ಣು ನೋಡಬೇಕು, ಬುದ್ಧಿ ನಿರ್ಣಯಿಸಬೇಕು, ಕಾಲು ಚಲಿಸಬೇಕು, ಕೈ ತಿರುಗಬೇಕು. ಅರ್ಧ ಹೆಜ್ಜೆ ತಡವಾದರೂ ಅದು ಸೋಲು. ಗ್ರ್ಯಾಂಡ್ ಸ್ಲಾಮ್ ಗೆಲ್ಲಬೇಕಾದರೆ ಪುರುಷರು ಐದು ಸೆಟ್ಟುಗಳವರೆಗೆ ಸಾಗಬಹುದಾದ ಇಂಥ ಏಳು ಪಂದ್ಯಗಳನ್ನು ಸುಮಾರು ಎರಡು ವಾರಗಳಲ್ಲಿ ಗೆಲ್ಲಬೇಕು. ವಯಸ್ಸಾದವನಿಗೆ ಒಂದು ಪಂದ್ಯ ಗೆಲ್ಲುವುದು ಅಷ್ಟು ಕಷ್ಟವಲ್ಲ. ಮರುದಿನವೋ ಮೂರನೆಯ ದಿನವೋ ಮತ್ತೆ ಗೆಲ್ಲುವುದು ಕಷ್ಟ.

ನಮ್ಮ ತಾರುಣ್ಯದ ಆರಾಧ್ಯ ಆಟಗಾರರಾದ ಬೋರ್ಗ್ ಅವರ ಕಥೆಯನ್ನೇ ಮೊದಲು ನೋಡೋಣ. 1976ರಿಂದ 1980ರವರೆಗೆ ಸತತ ಐದು ವಿಂಬಲ್ಡನ್, ಒಟ್ಟು ಆರು ಫ್ರೆಂಚ್ ಓಪನ್, ಹೀಗೆ 11 ಮಹಾಪ್ರಶಸ್ತಿಗಳನ್ನು ಗೆದ್ದ ಅವರು 1981ರಲ್ಲಿ ವಿಂಬಲ್ಡನ್ ಮತ್ತು ಅಮೆರಿಕ ಓಪನ್ ಎರಡರಲ್ಲಿಯೂ ಮೆಕೆನ್ರೊ ಅವರಿಗೆ ಸೋತರು. 1983ರ ಜನವರಿಯಲ್ಲಿ, ಕೇವಲ 26ರ ಪ್ರಾಯದಲ್ಲಿ, ನಿವೃತ್ತಿಯನ್ನು ಘೋಷಿಸಿದರು. ಎಂಟು ವರ್ಷಗಳ ಬಳಿಕ, 1991ರ ಏಪ್ರಿಲ್ ತಿಂಗಳಿನಲ್ಲಿ ಮಾಂಟೆ ಕಾರ್ಲೊ ಪಂದ್ಯಾವಳಿಗೆ ಮರಳಿದಾಗ ಅವರ ಕೈಯಲ್ಲಿದ್ದುದು ಹಳೆಯ ಮರದ ರ‍್ಯಾಕೆಟ್. ಅಷ್ಟರಲ್ಲಿ ಟೆನಿಸ್ ಜಗತ್ತೆಲ್ಲ ಗ್ರಾಫೈಟ್ ರ‍್ಯಾಕೆಟ್ಟಿಗೆ ಹೊರಳಿತ್ತು. ಹೊಡೆತದ ವೇಗವೇ ಬೇರೆಯಾಗಿತ್ತು. ಸ್ಪೇನಿನ ಜೋರ್ಡಿ ಅರೆಸೆ ಅವರು 6-2, 6-3ರಿಂದ ಗೆದ್ದರು. ಮುಂದೆ ಬೋರ್ಗ್ ರ‍್ಯಾಕೆಟ್ ಬದಲಿಸಿ 1993ರವರೆಗೂ ಯತ್ನಿಸಿದರು. ಆ ಮರುಪ್ರವೇಶದ ಕಾಲದಲ್ಲಿ ಅಗ್ರ ವರ್ಗದ ಪಂದ್ಯಾವಳಿಗಳಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ. ಅವರು ಬಿಟ್ಟುಹೋದ ಸ್ಥಾನಕ್ಕೆ ಮರಳಿ ಬಂದಿದ್ದರು; ಆದರೆ ಆ ಸ್ಥಾನವೇ ಅಲ್ಲಿರಲಿಲ್ಲ. ಕಾಲವು ಆಟವನ್ನು ಎತ್ತಿಕೊಂಡು ಮುಂದೆ ಹೋಗಿತ್ತು.

ಇದಕ್ಕೆ ಪ್ರತಿಯಾಗಿ ನಮ್ಮ ಮೊಮ್ಮಗ ಹೇಳಿದ ಆಂದ್ರೆ ಅಗಾಸಿ ಅವರ ಕಥೆಯುಂಟು. 1992ರಲ್ಲಿ ವಿಂಬಲ್ಡನ್, 1994ರಲ್ಲಿ ಅಮೆರಿಕ ಓಪನ್, 1995ರಲ್ಲಿ ಆಸ್ಟ್ರೇಲಿಯಾ ಓಪನ್ ಗೆದ್ದು ಅದೇ ವರ್ಷ ಅಗ್ರಸ್ಥಾನಕ್ಕೇರಿದ ಈ ಆಟಗಾರ, 1997ರ ನವೆಂಬರ್ ಹೊತ್ತಿಗೆ 141ನೆಯ ಸ್ಥಾನಕ್ಕೆ ಕುಸಿದಿದ್ದರು. ಮಣಿಕಟ್ಟಿನ ನೋವಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಮನಸ್ಸು ಆಟವನ್ನು ತೊರೆದಿತ್ತು. ತಂದೆಯ ಒತ್ತಾಯಕ್ಕೆ ಬಾಲ್ಯದಿಂದಲೇ ಆಡಿದ ತಾವು ಟೆನಿಸನ್ನು ದ್ವೇಷಿಸುತ್ತಿದ್ದೆವೆಂದು 2009ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಕುಸಿದ ಅಗಾಸಿ ಮಾಡಿದ್ದೇನು? ಹೊಸಬರು ಆಡುವ ಚಾಲೆಂಜರ್ ಎಂಬ ಕೆಳದರ್ಜೆಯ ಪಂದ್ಯಾವಳಿಗೆ ಇಳಿದರು. ವಿಂಬಲ್ಡನ್ ಗೆದ್ದವನು ಕೆಲವೇ ಪ್ರೇಕ್ಷಕರ ಮುಂದೆ ಸಣ್ಣ ಬಹುಮಾನಕ್ಕೆ ಆಡುವುದೆಂದರೆ, ಪಂಡಿತ ಪದವಿ ಪಡೆದವನು ಮತ್ತೆ ಬಾಲಬೋಧೆಯ ಮಣೆಯ ಮೇಲೆ ಕುಳಿತಂತೆ. ಅವರು ಕುಳಿತರು. ತರಬೇತುದಾರ ಬ್ರಾಡ್ ಗಿಲ್ಬರ್ಟ್ ಆಟವನ್ನು ತಿದ್ದಿದರು. ಗಿಲ್ ರೇಯಸ್ ದೇಹವನ್ನು ಕಟ್ಟಿದರು. 1998ರ ಕೊನೆಗೆ ಆರನೆಯ ಸ್ಥಾನ. 1999ರ ಫ್ರೆಂಚ್ ಓಪನ್ ಅಂತಿಮ ಪಂದ್ಯದಲ್ಲಿ ಆಂದ್ರೆ ಮೆಡ್ವೆಡೆವ್ ಅವರೆದುರು ಮೊದಲ ಎರಡು ಸೆಟ್ಟುಗಳನ್ನು 1-6, 2-6ರಿಂದ ಕಳೆದುಕೊಂಡು, ಉಳಿದ ಮೂರನ್ನೂ ಗೆದ್ದರು. ಅದೇ ವರ್ಷ ಅಮೆರಿಕ ಓಪನ್ ಗೆದ್ದು ವರ್ಷಾಂತ್ಯಕ್ಕೆ ಮತ್ತೆ ಅಗ್ರಸ್ಥಾನದಲ್ಲಿದ್ದರು. ಅವರ ಎಂಟು ಮಹಾಪ್ರಶಸ್ತಿಗಳಲ್ಲಿ ಐದು ಬಂದುದು ಕುಸಿತದ ನಂತರವೇ ಎಂಬುದನ್ನು ವಾಚಕರು ಗಮನಿಸಬೇಕು. ತಮ್ಮ ಊರಾದ ಲಾಸ್ ವೇಗಸ್ಸಿನಲ್ಲಿ ಬಡ ಮಕ್ಕಳಿಗಾಗಿ ಅವರು ಕಟ್ಟಿಸಿದ ಶಾಲೆ 2001ರಲ್ಲಿ ಆರಂಭವಾಯಿತು. ತಂದೆಗಾಗಿ ಆಡಿದ ಆಟ ಹೊರೆಯಾಗಿತ್ತು; ಆ ಮಕ್ಕಳಿಗಾಗಿ ಆಡಿದ ಆಟಕ್ಕೆ ಅರ್ಥ ಬಂದಿತು.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಬ್ಬರಿಗೆ ಛಲವಿತ್ತು, ಇನ್ನೊಬ್ಬರಿಗೆ ಇರಲಿಲ್ಲ ಎಂದು ತೀರ್ಪು ಕೊಡುವುದು ಸರಿಯಲ್ಲ. ಐದು ಸಲ ವಿಂಬಲ್ಡನ್ ಗೆದ್ದವರಿಗೆ ಛಲದ ಪಾಠವನ್ನು ಯಾರು ಹೇಳಬೇಕು? ವೈದ್ಯನು ಔಷಧಕ್ಕೆ ಮೊದಲು ರೋಗದ ನಿದಾನ ಮಾಡುವಂತೆ, ಏರುವ ಮಾತಿಗೆ ಮೊದಲು ಇಳಿದುದರ ಕಾರಣವನ್ನು ತಿಳಿಯಬೇಕು. ಅಗಾಸಿ ಅವರಲ್ಲಿ ಇಳಿದುದು ಮುಖ್ಯವಾಗಿ ಮನಸ್ಸು. 27ರ ಪ್ರಾಯದ ದೇಹದಲ್ಲಿ ಇನ್ನೂ ಕಸುವಿತ್ತು. ಬೋರ್ಗ್ ಅವರಲ್ಲಿ ಎಂಟು ವರ್ಷಗಳ ಅಂತರ ಬಿದ್ದಿತ್ತು, ಪ್ರಾಯ 34 ಆಗಿತ್ತು, ಆಟದ ಉಪಕರಣವೇ ಬದಲಾಗಿತ್ತು. ಮನಸ್ಸು ಮರಳಿದರೆ ಸಾಕಾಗುವ ಇಳಿತ ಒಂದು ಬಗೆ. ಮನಸ್ಸು ಮರಳಿದರೂ ಸಾಲದ ಇಳಿತ ಇನ್ನೊಂದು ಬಗೆ.

ದೇಹದ ಕಾರಣದಿಂದ ಇಳಿದವರಲ್ಲಿಯೂ ಎರಡು ಬಗೆಯುಂಟು. ಸ್ವಿಟ್ಜರ್ಲೆಂಡಿನ ರೋಜರ್ ಫೆಡರರ್ 2012ರ ವಿಂಬಲ್ಡನ್ ನಂತರ ನಾಲ್ಕು ವರ್ಷ ಒಂದು ಮಹಾಪ್ರಶಸ್ತಿಯನ್ನೂ ಗೆದ್ದಿರಲಿಲ್ಲ. 2016ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷದ ವಿಂಬಲ್ಡನ್ ಬಳಿಕ ಆರು ತಿಂಗಳು ಆಟವನ್ನೇ ನಿಲ್ಲಿಸಿದರು. ವಿಶ್ರಾಂತಿಯೂ ಒಂದು ಸಾಧನೆಯೆಂಬುದನ್ನು ಅವರಿಂದ ಕಲಿಯಬೇಕು. 2017ರ ಜನವರಿಯಲ್ಲಿ 17ನೆಯ ಶ್ರೇಯಾಂಕದವರಾಗಿ ಆಸ್ಟ್ರೇಲಿಯಾ ಓಪನ್ ಪ್ರವೇಶಿಸಿ, ಅಂತಿಮ ಪಂದ್ಯದ ಐದನೆಯ ಸೆಟ್ಟಿನಲ್ಲಿ ರಫೆಲ್ ನಡಾಲ್ ಅವರೆದುರು 1-3ರ ಹಿನ್ನಡೆಯಿಂದ ಮೇಲೆದ್ದು ಗೆದ್ದರು. ಆಗ ಅವರ ಪ್ರಾಯ 35. 90 ಚದರ ಅಂಗುಲದ ರ‍್ಯಾಕೆಟ್ಟನ್ನು ಬಿಟ್ಟು 97 ಚದರ ಅಂಗುಲದ ರ‍್ಯಾಕೆಟ್ಟಿಗೆ ಅವರು ಮೊದಲೇ ಹೊರಳಿದ್ದರು. ಹಿಂದೆ ನಡಾಲ್ ಅವರ ಎತ್ತರಕ್ಕೆ ಪುಟಿಯುವ ಚೆಂಡಿಗೆ ಬಲಿಯಾಗುತ್ತಿದ್ದ ಬ್ಯಾಕ್‌ಹ್ಯಾಂಡ್ ಈಗ ಎದುರೇಟು ಕೊಡುವ ಅಸ್ತ್ರವಾಗಿತ್ತು. 2018ರ ಫೆಬ್ರವರಿಯಲ್ಲಿ, 36ರ ಪ್ರಾಯದಲ್ಲಿ, ಮತ್ತೆ ಅಗ್ರಸ್ಥಾನ ಪಡೆದರು. ಆದರೆ ಅದೇ ಫೆಡರರ್, ಮತ್ತೆ ಮೊಣಕಾಲಿನ ಶಸ್ತ್ರಚಿಕಿತ್ಸೆಗಳಾದ ಬಳಿಕ 2021ರ ವಿಂಬಲ್ಡನ್ನಿನಲ್ಲಿ ಹ್ಯೂಬರ್ಟ್ ಹುರ್ಕಾಜ್ ಅವರಿಗೆ ಕೊನೆಯ ಸೆಟ್ಟನ್ನು 0-6ರಿಂದ ಸೋತರು. 2022ರ ಸೆಪ್ಟೆಂಬರಿನಲ್ಲಿ ನಿವೃತ್ತರಾದರು. ಅದೇ ಮನುಷ್ಯ, ಅದೇ ಶ್ರದ್ಧೆ, ಅದೇ ಮೊಣಕಾಲಿನ ತೊಂದರೆ. ಫಲ ಮಾತ್ರ ಒಂದೇ ಆಗಲಿಲ್ಲ.

ಬ್ರಿಟನ್ನಿನ ಆ್ಯಂಡಿ ಮರ್ರೆ ಅವರ ಮಾತು ಇನ್ನೂ ಮನಮುಟ್ಟುವಂಥದು. 2016ರಲ್ಲಿ ಅಗ್ರಸ್ಥಾನದಲ್ಲಿದ್ದ ಅವರಿಗೆ ಸೊಂಟದ ಕೀಲು ಸವೆದು, 2019ರ ಜನವರಿಯಲ್ಲಿ ಲೋಹದ ಹೊದಿಕೆಯನ್ನು ಕೂಡಿಸಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆಂಟ್‌ವರ್ಪ್ ಪಂದ್ಯಾವಳಿಯನ್ನು ಗೆದ್ದರು! ಆದರೆ ಆ ಬಳಿಕ ಯಾವ ಗ್ರ್ಯಾಂಡ್ ಸ್ಲಾಮಿನಲ್ಲಿಯೂ ಮೂರನೆಯ ಸುತ್ತನ್ನು ದಾಟಲಾಗಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನವರೆಗೂ ಆಡಿದರು. ಶಿಖರಕ್ಕೆ ಮರಳಲಿಲ್ಲವಾದುದರಿಂದ ಆ ಐದು ವರ್ಷಗಳು ವ್ಯರ್ಥವೆನ್ನೋಣವೆ? ನಡೆಯುವುದಕ್ಕೇ ನೋವುಪಡುತ್ತಿದ್ದವನು ಓಡಿದನೆಂಬುದು ಸಣ್ಣ ಫಲವಲ್ಲ.

ನಮ್ಮ ತಾಯಂದಿರು ತಿಳಿಯಬೇಕಾದ ಒಂದು ಕಥೆಯೂ ಇದೆ. ಬೆಲ್ಜಿಯಮ್ಮಿನ ಕಿಮ್ ಕ್ಲೈಸ್ಟರ್ಸ್ 2007ರಲ್ಲಿ ಆಟವನ್ನು ಬಿಟ್ಟರು. 2008ರಲ್ಲಿ ಹೆಣ್ಣುಮಗುವಿನ ತಾಯಿಯಾದರು. 2009ರಲ್ಲಿ ಮರಳಿದಾಗ ಅವರಿಗೆ ಕ್ರಮಾಂಕವೇ ಇರಲಿಲ್ಲ. ವಿಶೇಷ ಪ್ರವೇಶ ಪಡೆದು ಅಮೆರಿಕ ಓಪನ್ ಆಡಿ, ಗೆದ್ದು, ಪುಟ್ಟ ಮಗಳನ್ನು ಅಂಕಣಕ್ಕೆ ಕರೆತಂದರು. 1980ರಲ್ಲಿ ವಿಂಬಲ್ಡನ್ ಗೆದ್ದ ಇವಾನ್ ಗೂಲಗಾಂಗ್ ಅವರ ಬಳಿಕ ತಾಯಿಯೊಬ್ಬಳು ಮಹಾಪ್ರಶಸ್ತಿಯನ್ನು ಗೆದ್ದುದು ಅದೇ ಮೊದಲು. 2011ರಲ್ಲಿ ಅಗ್ರಸ್ಥಾನವನ್ನೂ ಪಡೆದರು. ಹೆರಿಗೆಯಾದ ಹೆಣ್ಣಿನ ಸಾಧನೆ ಮುಗಿಯಿತೆಂದು ಹೇಳುವ ಬಾಯಿಗಳಿಗೆ ಇದು ಉತ್ತರ. ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಮುಂದೆ 2012ರಲ್ಲಿ ಮತ್ತೆ ನಿವೃತ್ತರಾಗಿ, 2020ರಲ್ಲಿ ಇನ್ನೊಂದು ಸಲ ಮರಳಿದಾಗ ಅವರಿಗೆ ಗೆಲುವು ಒಲಿಯಲಿಲ್ಲ.

ಇನ್ನು ಶಿಖರವೆಂದರೆ ಯಾವುದೆಂಬ ಪ್ರಶ್ನೆ. ಪೀಟ್ ಸಾಂಪ್ರಾಸ್ 2000ದ ವಿಂಬಲ್ಡನ್ ಬಳಿಕ ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದು ಪಂದ್ಯಾವಳಿಯನ್ನೂ ಗೆಲ್ಲಲಿಲ್ಲ. 2002ರಲ್ಲಿ, ಏಳು ಸಲ ತಾವೇ ಗೆದ್ದ ವಿಂಬಲ್ಡನ್ನಿನ ಎರಡನೆಯ ಸುತ್ತಿನಲ್ಲಿ, ನೂರರಾಚೆಯ ಕ್ರಮಾಂಕದ ಜಾರ್ಜ್ ಬಾಸ್ಟಲ್ ಅವರಿಗೆ ಸೋತರು. ನಿವೃತ್ತರಾಗಲಿ ಎಂಬ ಮಾತು ಎಲ್ಲೆಡೆ ಕೇಳಿಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 17ನೆಯ ಶ್ರೇಯಾಂಕದವರಾಗಿ ಅಮೆರಿಕ ಓಪನ್ನಿನ ಅಂತಿಮ ಪಂದ್ಯ ತಲುಪಿ, ಹಳೆಯ ಎದುರಾಳಿ ಅಗಾಸಿ ಅವರನ್ನೇ ಸೋಲಿಸಿ 14ನೆಯ ಮಹಾಪ್ರಶಸ್ತಿಯನ್ನು ಗೆದ್ದರು. ಆ ಬಳಿಕ ಅಗ್ರ ವರ್ಗದ ಒಂದು ಪಂದ್ಯವನ್ನೂ ಆಡಲಿಲ್ಲ. ಮರುವರ್ಷ ಅದೇ ಅಂಕಣದಲ್ಲಿ ವಿದಾಯ ಹೇಳಿದರು. ಅಗ್ರಸ್ಥಾನ ಮರಳಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಎರಡು ವಾರಗಳ ಮಟ್ಟಿಗೆ ತಾನು ತಾನಾಗಿದ್ದುದೇ ಅವರಿಗೆ ಸಾಕಾಯಿತು. ವರ್ಷವಿಡೀ ಶಿಖರದಲ್ಲಿ ವಾಸಿಸುವುದು ಬೇರೆ, ಒಮ್ಮೆ ಹೋಗಿ ಕಂಡು ಬರುವುದು ಬೇರೆ.

ಹೀಗೆ ನೋಡಿದರೆ, ಮರಳಿ ಏರಹೊರಟವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು ನಮಗೆ ತೋರುತ್ತವೆ. ನಾನು ಇಳಿದುದು ಮನಸ್ಸಿನಿಂದಲೋ, ದೇಹದಿಂದಲೋ? ದೇಹದಿಂದಾದರೆ, ಅದು ವಿಶ್ರಾಂತಿಯಿಂದ ತುಂಬಿಬರುವ ಕೊರತೆಯೋ, ತುಂಬಲಾರದ ಸವೆತವೋ? ನಾನು ದೂರವಿದ್ದಾಗ ಆಟ ಎಷ್ಟು ಬದಲಾಗಿದೆ, ಬದಲಾದುದನ್ನು ಕಲಿಯಲು ನಾನು ಮಣೆಯ ಮೇಲೆ ಕೂರಬಲ್ಲೆನೆ? ಕೊನೆಯದಾಗಿ, ನನಗೆ ಬೇಕಾದುದು ಆಟವೋ, ಆಟದಿಂದ ಬರುತ್ತಿದ್ದ ಚಪ್ಪಾಳೆಯೋ? ಮೊದಲ ಮೂರಕ್ಕೆ ವೈದ್ಯರೂ ಗುರುಗಳೂ ಉತ್ತರ ಹೇಳಲು ನೆರವಾಗಬಹುದು. ನಾಲ್ಕನೆಯದಕ್ಕೆ ತಾನೇ ಉತ್ತರಿಸಬೇಕು.

ಈ ಪ್ರಶ್ನೆಗಳಿಗೆ ನಮ್ಮ ನಾಡಿನವರೊಬ್ಬರು ತಮ್ಮ ಆಟದಿಂದಲೇ ಉತ್ತರ ಕೊಟ್ಟಿದ್ದಾರೆ. ಕೊಡಗಿನ ರೋಹನ್ ಬೋಪಣ್ಣ 2013ರಲ್ಲಿ ಡಬಲ್ಸ್ ವಿಭಾಗದಲ್ಲಿ ವಿಶ್ವದ ಮೂರನೆಯ ಸ್ಥಾನಕ್ಕೇರಿದ್ದರು. ಆ ಬಳಿಕ ಇಳಿದರು. 2021ರ ಆರಂಭದ ತಿಂಗಳುಗಳಲ್ಲಿ ಸೋಲಿನ ಮೇಲೆ ಸೋಲು ಬಂದು, ಆಟವನ್ನು ಬಿಟ್ಟುಬಿಡೋಣವೆಂದು ಯೋಚಿಸಿದುದನ್ನು ಅವರೇ ಹೇಳಿಕೊಂಡಿದ್ದಾರೆ. ಅವರ ಮೊಣಕಾಲುಗಳಲ್ಲಿ ಮೃದ್ವಸ್ಥಿ ಸವೆದುಹೋಗಿತ್ತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್ಯರ ಪದ್ಧತಿಯ ಯೋಗಾಭ್ಯಾಸದಿಂದ ಕಾಲಿಗೆ ಬಲ ಬಂದಿತೆಂದು ಅವರು ಸ್ಮರಿಸುತ್ತಾರೆ. 2024ರ ಜನವರಿಯಲ್ಲಿ, 43ರ ಪ್ರಾಯದಲ್ಲಿ, ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಅವರ ಜೊತೆಯಲ್ಲಿ ಆಸ್ಟ್ರೇಲಿಯಾ ಓಪನ್ ಗೆದ್ದು ಡಬಲ್ಸ್ ಅಗ್ರಸ್ಥಾನಕ್ಕೇರಿದರು. ಅಷ್ಟು ವಯಸ್ಸಿನಲ್ಲಿ ಮೊದಲ ಬಾರಿಗೆ ಆ ಸ್ಥಾನ ಪಡೆದವರು ಹಿಂದೆ ಯಾರೂ ಇರಲಿಲ್ಲ. 2025ರ ನವೆಂಬರಿನಲ್ಲಿ ಗೌರವದಿಂದ ನಿವೃತ್ತಿಯನ್ನು ಘೋಷಿಸಿದರು.

ಇಲ್ಲೊಂದು ಸಣ್ಣ ಗಣಿತವುಂಟು. ಸಿಂಗಲ್ಸ್ ಅಂಕಣದ ಅಗಲ 27 ಅಡಿ. ಅದನ್ನು ಒಬ್ಬನೇ ಕಾಯಬೇಕು. ಡಬಲ್ಸ್ ಅಂಕಣದ ಅಗಲ 36 ಅಡಿ. ಅದನ್ನು ಇಬ್ಬರು ಕಾಯುತ್ತಾರೆ. ತಲೆಗೆ 18 ಅಡಿ. ಸವೆದ ಮೊಣಕಾಲು 27 ಅಡಿಯನ್ನು ಕಾಯಲಾರದು. 18 ಅಡಿಯನ್ನು ಕಾಯಬಲ್ಲದು. ಅನುಭವಿಯಾದ ಕಣ್ಣು, ಪಳಗಿದ ಕೈ, ಬಲವಾದ ಸರ್ವ್ ಇವುಗಳಿಗೆ ಅಲ್ಲಿ ಪೂರ್ಣ ಬೆಲೆಯುಂಟು. ಓಟದ ಹೊರೆ ಮಾತ್ರ ಹಂಚಿಹೋಗುತ್ತದೆ. ಮುಪ್ಪಿನಲ್ಲಿ ಏರಬೇಕೆನ್ನುವವರು ಹೊರೆಯನ್ನು ಹಂಚಿಕೊಳ್ಳಲು ಕಲಿಯಬೇಕೆಂಬುದು ಇದರ ತಾತ್ಪರ್ಯ.

ಈ ಗಣಿತವನ್ನು ನಾವು ನಮ್ಮ ಗಂಟಲಿಗೆ ಹಚ್ಚಿ ನೋಡಿದೆವು. ನಮ್ಮ ಕೊರತೆ ಮನಸ್ಸಿನದಲ್ಲ, ಧ್ವನಿಯದು; ಹಿಂದಿನಷ್ಟು ತುಂಬಿಬರುವಂಥದಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಕಥೆಯ ಎಳೆ ಮರೆತಿಲ್ಲ, ಅರ್ಥ ಮಸುಕಾಗಿಲ್ಲ. ನಾವು ಆ ಊರಿನ ಹಿರಿಯರಿಗೆ ಪತ್ರ ಬರೆದೆವು: “ತಿಂಗಳ ಪ್ರವಚನವನ್ನು ನಮ್ಮಲ್ಲಿ ಓದಿದ ಕಿರಿಯರೊಬ್ಬರು ನಡೆಸಲಿ. ನಾವು ಪಕ್ಕದಲ್ಲಿ ಕುಳಿತು ದಿನಕ್ಕೆ ಇಪ್ಪತ್ತು ನಿಮಿಷ ಮಾತನಾಡುತ್ತೇವೆ. ಐದು ದಿನ ಮಾತ್ರ ಇರುತ್ತೇವೆ.” ಅವರು ಒಪ್ಪಿದ್ದಾರೆ. ನಮ್ಮ ಮನೆಯವರೂ ಒಪ್ಪಿದ್ದಾರೆ, ಬಿಸಿನೀರಿನ ಫ್ಲಾಸ್ಕ್ ಜೊತೆಗಿರಬೇಕೆಂಬ ಕರಾರಿನ ಮೇಲೆ. ಆ ತರುಣನ ಧ್ವನಿ ನಮ್ಮ ಹಿಂದಿನ ಧ್ವನಿಗಿಂತ ಚೆನ್ನಾಗಿದೆಯೆಂದು ಸಭೆಯಲ್ಲಿ ಯಾರಾದರೂ ಅಂದಾರು. ಆ ಮಾತು ಕಿವಿಗೆ ಬಿದ್ದಾಗ ನಮ್ಮ ಮುಖ ಬಾಡದಿರಬೇಕು. ನಾಲ್ಕನೆಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗಬೇಕಾಗಿದೆ.

ಸಹೃದಯ ವಾಚಕರಲ್ಲಿ ಕೊನೆಯದಾಗಿ ಒಂದು ಬಿನ್ನಹ. ಪ್ರತಿಯೊಂದು ಮನೆಯಲ್ಲಿಯೂ ಇಳಿದವರೊಬ್ಬರಿರುತ್ತಾರೆ. ವ್ಯಾಪಾರದಲ್ಲಿ ನಷ್ಟಗೊಂಡ ಅಣ್ಣನಿರಬಹುದು. ಮಕ್ಕಳನ್ನು ಸಾಕುವುದಕ್ಕಾಗಿ ನೌಕರಿ ಬಿಟ್ಟು ಈಗ ಮತ್ತೆ ಹೋಗಬೇಕೆನ್ನುವ ಸೊಸೆಯಿರಬಹುದು. ಹೊಲದ ಕೆಲಸಕ್ಕೆ ಇನ್ನೂ ಹೋಗುತ್ತೇನೆಂದು ಹಟ ಹಿಡಿಯುವ ಮುದುಕ ತಂದೆಯಿರಬಹುದು. ಅವರಿಗೆ, “ನಿಮ್ಮ ಕಾಲ ಮುಗಿಯಿತು” ಎಂದು ಮೊದಲ ದಿನವೇ ಹೇಳಬೇಡಿರಿ. ಸಾಂಪ್ರಾಸ್ ಅವರಿಗೂ ಹಾಗೆಯೇ ಹೇಳಿದ್ದರು. “ನಿಮ್ಮಿಂದ ಎಲ್ಲವೂ ಆಗುತ್ತದೆ” ಎಂದು ಹೊಗಳಿ ಕಳಿಸಲೂ ಬೇಡಿರಿ. ಮರದ ರ‍್ಯಾಕೆಟ್ ಹಿಡಿದು ಗ್ರಾಫೈಟ್ ರ‍್ಯಾಕೆಟ್ಟಿನ ಎದುರಿಗೆ ನಿಲ್ಲಿಸಿದಂತಾದೀತು. ಕುಳಿತು ಮಾತನಾಡಿರಿ. ಏನು ಸವೆದಿದೆ, ಏನು ಉಳಿದಿದೆ ಎಂದು ಅವರ ಜೊತೆಯಲ್ಲಿ ಲೆಕ್ಕ ಹಾಕಿರಿ. ಉಳಿದುದಕ್ಕೆ ತಕ್ಕ ಅಂಕಣವನ್ನು ಹುಡುಕಲು ನೆರವಾಗಿರಿ. ಸಾಧ್ಯವಾದರೆ ಅಂಕಣದ ಅರ್ಧ ಭಾಗವನ್ನು ನೀವೇ ಕಾಯಿರಿ.